ಬಿಟ್ಟುಹೋದ ಶೆಫರ್ಡ್ ನಾಯಿ ಕಂಡರೆ: ಮಾಡಬೇಕಾದ್ದು, ಮಾಡಬಾರದ್ದು

(ಶಿಕಾರಿಪುರ, ಸೊರಬ ತಾಲ್ಲೂಕಿನವರ ಗಮನಕ್ಕೆ)

ತೋಟಕ್ಕೆ ಮಂಗ ಬರುತ್ತವೆಂದು ಜರ್ಮನ್ ಶೆಫರ್ಡ್ ಮರಿ ತರುತ್ತಾರೆ. ಬೆಳೆದ ಮೇಲೆ ಅದು ಕರುಗಳನ್ನು ಅಟ್ಟಾಡಿಸುತ್ತದೆ, ಓಡುವ ಮಕ್ಕಳ ಹಿಮ್ಮಡಿಗೆ ಬಾಯಿ ಹಾಕುತ್ತದೆ. ಆಗ ಸರಪಳಿ, ಆಮೇಲೆ ಯಾವುದೋ ಊರಿನ ಗಡಿ. ಮಂದೆ ತಿರುಗಿಸುವುದು ಆ ತಳಿಯ ಹುಟ್ಟುಗುಣ. ಕುರಿ ಇಲ್ಲದಿದ್ದರೆ ಕಣ್ಣಿಗೆ ಬಿದ್ದದ್ದನ್ನೇ ತಿರುಗಿಸುತ್ತದೆ.

ಮೊದಲು ವಿಚಾರಿಸಿ. ಸುಗ್ಗಿ ಮುಗಿದ ಮೇಲೆ ಬಯಲುಸೀಮೆಯ ಕುರಿಮಂದೆಗಳು ನಮ್ಮ ಗದ್ದೆಗಳಿಗೆ ಬರುತ್ತವೆ. ರಸ್ತೆ ಬದಿ ಮಲಗಿದ ಬಡಕಲು ನಾಯಿ ಮಂದೆಯದ್ದಿರಬಹುದು. ಕುರಿಗಾಹಿಗಳನ್ನು ಕೇಳದೆ ಎತ್ತಿಕೊಂಡು ಹೋದರೆ ಅದು ರಕ್ಷಣೆಯಲ್ಲ, ಕಳವು.

ಹೆದರಿದ ನಾಯಿಯನ್ನು ಬರಿಗೈಯಲ್ಲಿ ಹಿಡಿಯಬೇಡಿ. ಕಚ್ಚಿದರೆ, ಪರಚಿದರೂ ಸರಿ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸುಣ್ಣ, ಮೆಣಸಿನಪುಡಿ ಮೆತ್ತಬೇಡಿ.

ಉಪವಾಸ ಬಿದ್ದ ನಾಯಿಗೆ ಒಂದೇ ಸಲ ಹೊಟ್ಟೆ ಬಿರಿಯ ಹಾಕಬೇಡಿ. ಗಂಜಿ, ಬೇಯಿಸಿದ ಮೊಟ್ಟೆ ಸ್ವಲ್ಪಸ್ವಲ್ಪವೇ ಕೊಡಿ. ಬೇಯಿಸಿದ ಕೋಳಿಮೂಳೆ, ಈರುಳ್ಳಿ ಹಾಕಿದ ಸಾರು ಬೇಡ.

ಉಣುಗಿನ ವಿಷಯದಲ್ಲಿ ಸಲಿಗೆ ಬೇಡವೇ ಬೇಡ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದ ಕ್ಯಾಸನೂರು ಕಾಡು ಇರುವುದು ನಮ್ಮ ಸೊರಬ ತಾಲ್ಲೂಕಿನಲ್ಲೇ. ಕಾಡಂಚಿನಲ್ಲಿ ಸಿಕ್ಕ ನಾಯಿಯನ್ನು ನೇರ ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಕೈಗವಸು ಹಾಕಿ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ನೋಡಿ. ಉಣುಗನ್ನು ಚಿಮುಟದಲ್ಲಿ ಚರ್ಮದ ಹತ್ತಿರವೇ ಹಿಡಿದು ಎಳೆದು ಸ್ಪಿರಿಟ್‌ಗೆ ಹಾಕಿ. ಉಗುರಿನಲ್ಲಿ ಹಿಸುಕಬೇಡಿ. ಕಾಡಿಗೆ ಹೋಗಿಬಂದ ಕೆಲ ದಿನಗಳಲ್ಲಿ ನಿಮಗೆ ಜ್ವರ ಬಂದರೆ ಡಾಕ್ಟರಿಗೆ ಆ ಮಾತು ಹೇಳಿ.

ಉಣುಗು ಹೋಗಲೆಂದು, ದನಕ್ಕೆ ತಂದು ಕೊಟ್ಟಿಗೆಯಲ್ಲಿ ಉಳಿದ ಐವರ್ಮೆಕ್ಟಿನ್ ಇಂಜೆಕ್ಷನ್ ಚುಚ್ಚಲೇಬೇಡಿ. ಕೋಲಿ ಜಾತಿಯ ಅನೇಕ ನಾಯಿಗಳಿಗೆ, ಕೆಲವು ಶೆಫರ್ಡ್‌ಗಳಿಗೂ, ಆ ಔಷಧ ಮಿದುಳಿಗೆ ಏರಿ ಪ್ರಾಣಕ್ಕೇ ಸಂಚಕಾರ. 'ದನಕ್ಕೆ ಏನೂ ಆಗಲಿಲ್ಲವಲ್ಲ' ಎನ್ನುವವರು ಪ್ರತಿ ಊರಲ್ಲೂ ಸಿಗುತ್ತಾರೆ, ಅವರ ಮಾತು ಬಿಡಿ. ಪಶು ಆಸ್ಪತ್ರೆಗೆ ಒಯ್ಯಿರಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಬೇಸಿಗೆಯೆಂದು ಕೂದಲು ಬೋಳಿಸಬೇಡಿ, ಬಾಚಿದರೆ ಸಾಕು.

ಹೊಸ ಮನೆ ಹುಡುಕುವಾಗ ಅವಸರ ಬೇಡ. ರೇಬೀಸ್ ಲಸಿಕೆ, ಸಂತಾನಹರಣ ಎರಡೂ ಆದ ಮೇಲೆಯೇ ಕೊಡಿ. ಮರಿ ಮಾರುವ ಆಸೆಗೆ ಬರುವವರು ಅಲ್ಲಿಗೇ ಜಾಗ ಖಾಲಿ ಮಾಡುತ್ತಾರೆ. ಮನೆಗೆ ಹೋಗಿ ನೋಡಿ. ದಿನಾ ಓಡಾಡಿಸುವವರು ಯಾರು ಎಂದು ಹೆಸರು ಹಿಡಿದು ಕೇಳಿ. 'ಕಟ್ಟಿಹಾಕಲು ಒಂದು ನಾಯಿ ಬೇಕಿತ್ತು' ಎಂದರೆ ನೆಂಟರಾದರೂ ಕೊಡಬೇಡಿ. ಕಾಡಂಚಿನ ಮನೆಯಾದರೆ ರಾತ್ರಿ ಅಂಗಳದಲ್ಲಿ ಕಟ್ಟಕೂಡದು, ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು. ಸಾಕಲಾಗದಿದ್ದರೆ ನಿಮಗೇ ಮರಳಿಸಬೇಕೆಂದು ಬರೆಸಿಕೊಂಡು ಸಹಿ ಹಾಕಿಸಿ.

ಬಿಟ್ಟುಹೋದವರು ಯಾರೆಂದು ಗೊತ್ತಾದರೆ ಜಗಳಕ್ಕೆ ನಿಲ್ಲಬೇಡಿ, ಠಾಣೆಗೆ ದೂರು ಕೊಡಿ. ಸಾಕಿದ ಪ್ರಾಣಿಯನ್ನು ಹಸಿವೆಗೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ, ಒಂದು ಊಟದ ದುಡ್ಡೂ ಅಲ್ಲ. ಆದರೂ ದೂರು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ನಾಯಿ ಚೇತರಿಸಿಕೊಂಡ ಮೇಲೆ 'ಅದು ನಮ್ಮದು' ಎಂದು ಬರುವವರಿಗೆ ಆ ಕಾಗದ ತೋರಿಸಿ.