ಅಂಚಿನಿಂದ ಎರಡು ವ್ಯಾಸ

ಬಸವೇಶ್ವರನಗರದಲ್ಲಿ ನಮ್ಮ ಗ್ಯಾಂಗಿನ ಒಬ್ಬನ ಮನೆ ಇದೆ. 30-40 ಸೈಟು, ಕೆಳಗೆ ಕಾರ್ ಪಾರ್ಕಿಂಗ್, ಕಾರು ಮಾತ್ರ ಇಲ್ಲ. ಅಲ್ಲಿ ಒಂದು ವಿಮಾನ ಹಿಡಿಸುತ್ತಾ ಅನ್ನೋ ಜಗಳದಿಂದ ಈ ಲೇಖನ ಹುಟ್ಟಿತು.

ಹಿಡಿಸುತ್ತೆ. ಅಮೆರಿಕದ ವ್ಯಾನ್ಸ್ ಕಂಪನಿಯ ಆರ್‌ವಿ-7 ಅನ್ನೋ ಎರಡು ಸೀಟಿನ ಕಿಟ್ ವಿಮಾನದ ಉದ್ದ 20 ಅಡಿ ಚಿಲ್ಲರೆ, ರೆಕ್ಕೆಯ ತುದಿಯಿಂದ ತುದಿಗೆ 25 ಅಡಿ. ರೆಕ್ಕೆಗಳನ್ನು ಬೇರೆ ಬೇರೆಯಾಗಿ ಕಟ್ಟಿ ಗೋಡೆಗೆ ಒರಗಿಸಿ ಇಡಬಹುದು. ಕೊನೆಗೆ ಜೋಡಿಸೋಕೆ ಜಕ್ಕೂರಿನಂಥ ಏರೋಡ್ರೋಮಿಗೆ ಲಾರಿಯಲ್ಲಿ ಸಾಗಿಸಬೇಕು. ಕಾರ್ಡ್ ರೋಡ್ ಟ್ರಾಫಿಕ್ಕಲ್ಲಿ ರೆಕ್ಕೆ ಹೊತ್ತ ಲಾರಿ ಹೇಗಿರುತ್ತೆ ಅಂತ ನೀವೇ ಊಹಿಸಿ.

ಕಿಟ್ ಅಂದರೆ ಡಬ್ಬದಲ್ಲಿ ಬರೋ ರೆಡಿ ವಿಮಾನ ಅಲ್ಲ. ಅಮೆರಿಕದಲ್ಲಿ ಇದಕ್ಕೆ '51 ಪರ್ಸೆಂಟ್ ರೂಲ್' ಅಂತಾರೆ, ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಯೇ ಮಾಡಬೇಕು. ನಮಗೆ ಆಶ್ಚರ್ಯ ಆಗಿದ್ದು ಬೇರೆ ವಿಷಯ. ಕಿಟ್ ವಿಮಾನ ನಮ್ಮೂರಿಗೆ ಹೊಸದೇ ಅಲ್ಲ! ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ಕಂಪನಿಯ ಎಕ್ಸ್-ಏರ್ ಕಿಟ್ಟುಗಳು ಇಲ್ಲಿಂದ ಬ್ರಿಟನ್ನಿಗೆ ಹೋಗಿ, ಅಲ್ಲಿನ ಹವ್ಯಾಸಿಗಳ ಕೈಯಲ್ಲಿ ವಿಮಾನಗಳಾಗಿವೆ. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಮೇಲೆ ಹೊಲಿದ ಬಟ್ಟೆ. ಆರ್‌ವಿಯದ್ದು ತಗಡಿನ ಮೈ, ಅದಕ್ಕೆ ಸಾವಿರಾರು ರಿವೆಟ್.

ಆ ರಿವೆಟ್ ಹೊಡೆದು ನೋಡೋಣ ಅಂತ ಪೀಣ್ಯದಿಂದ 1 ಮಿ.ಮೀ. ತಗಡು ತಂದೆವು. ವಿಮಾನದ ಗ್ರೇಡ್ ಅಲ್ಲ, ಮಾಮೂಲಿ ಅಲ್ಯೂಮಿನಿಯಂ. ಲೆಕ್ಕ ತುಂಬಾ ಸರಳ. ರಿವೆಟ್ ವ್ಯಾಸ D ಅಂದುಕೊಳ್ಳಿ, ನಮ್ಮದು 3.2 ಮಿ.ಮೀ. ಜೋಡಿಸುವ ತಗಡುಗಳ ಒಟ್ಟು ದಪ್ಪಕ್ಕೆ 1.5D ಸೇರಿಸಿದರೆ ರಿವೆಟ್ ಉದ್ದ. ಎರಡು ತಗಡಿಗೆ 2 + 4.8, ಅಂದರೆ 6.8 ಮಿ.ಮೀ. ಒಬ್ಬರು ಈ ಕಡೆಯಿಂದ ಹೊಡೀಬೇಕು, ಇನ್ನೊಬ್ಬರು ಆ ಕಡೆ ಭಾರವಾದ ಉಕ್ಕಿನ ತುಂಡು ಒತ್ತಿ ಹಿಡೀಬೇಕು. ಆಗ ಬಾಲ ಚಪ್ಪಟೆಯಾಗಿ ಇನ್ನೊಂದು ತಲೆ ಆಗುತ್ತೆ. ಅದರ ಅಗಲ 1.5D, ಎತ್ತರ 0.5D ಬಂದರೆ ಸರಿ. ನಮ್ಮ ಮೊದಲ ಹತ್ತರಲ್ಲಿ ಸರಿ ಬಂದಿದ್ದು ಎರಡು. ಮೇಲಿನ ಮನೆ ಅಜ್ಜಿ ಇಳಿದು ಬಂದು, "ಏನ್ರೋ ಅದು, ಮನೆ ಒಡೀತಿದ್ದೀರಾ?" ಅಂದ್ರು.

ಆದರೆ ಪಾಠ ಕಲಿಸಿದ್ದು ರಿವೆಟ್ ಅಲ್ಲ, ತೂತು. ತೂತಿನ ಮಧ್ಯಬಿಂದು ತಗಡಿನ ಅಂಚಿನಿಂದ ಕನಿಷ್ಠ 2D ದೂರ ಇರಬೇಕು ಅನ್ನೋದು ನಿಯಮ. ನಮಗೆ 6.4 ಮಿ.ಮೀ. ಡ್ರಿಲ್ ಜಾರಿ ಒಂದು ತೂತು 4 ಮಿ.ಮೀ.ಗೇ ಬಿತ್ತು. "ಬಿಡ್ರೋ, ಎರಡು ಮಿಲಿಮೀಟರಲ್ಲಿ ಏನಾಗುತ್ತೆ" ಅಂತ ನಮ್ಮಲ್ಲೇ ವಾದ. ಸ್ವಲ್ಪ ಲೆಕ್ಕ ಹಾಕಿ ನೋಡಿ. ತೂತಿನ ಅರ್ಧ ವ್ಯಾಸ 1.6 ಕಳೆದರೆ, ಸರಿಯಾದ ತೂತಿನ ಮುಂದೆ 4.8 ಮಿ.ಮೀ. ಲೋಹ ಉಳಿಯುತ್ತೆ. ನಮ್ಮದರ ಮುಂದೆ 2.4, ಅಂದರೆ ಕರೆಕ್ಟಾಗಿ ಅರ್ಧ. ಡ್ರಿಲ್ ಜಾರಿದ್ದು ಸ್ವಲ್ಪ, ಕಳಕೊಂಡಿದ್ದು ಅರ್ಧ.

ನಂಬಿಕೆ ಬರದೆ ಎರಡು ಪೀಸನ್ನೂ ಕಾಲೇಜಿನ ಯುಟಿಎಂನಲ್ಲಿ ಎಳೆಸಿದೆವು. ಸರಿಯಾದ ಪೀಸಿನಲ್ಲಿ ತೂತು ನಿಧಾನಕ್ಕೆ ಉದ್ದುದ್ದ ಆಗ್ತಾ ಹೋಯ್ತು, ಅಂದರೆ ಎಚ್ಚರಿಕೆ ಕೊಡ್ತು. 4 ಮಿ.ಮೀ. ಪೀಸಿನಲ್ಲಿ ತಗಡು ಅಂಚಿನವರೆಗೆ ಹರಿದು ರಿವೆಟ್ ಆಚೆ ಬಂತು. ರಿವೆಟ್‌ಗೆ ಏನೂ ಆಗಿರಲಿಲ್ಲ. "ಬಿಡ್ರೋ" ಅಂದವನೇ ಆ ಚೂರನ್ನು ಜೇಬಲ್ಲಿ ಹಾಕ್ಕೊಂಡ.

ತೂತು ಸರಿಯಾದ ಜಾಗದಲ್ಲಿ ಬಿದ್ದರೂ ಅದರ ಅಂಚು ನುಣುಪಾಗಿರಬೇಕು, ಇಲ್ಲಾಂದ್ರೆ ಬಿರುಕು ಅಲ್ಲಿಂದಲೇ ಶುರು. ಇದು ಬರೀ ಹವ್ಯಾಸಿಗಳ ತಲೆನೋವಲ್ಲ. ವ್ಯಾನ್ಸ್ ಕಂಪನಿಯ ಕೆಲವು ಕಿಟ್ಟುಗಳಲ್ಲಿ ಲೇಸರ್‌ನಿಂದ ಕತ್ತರಿಸಿದ ತೂತುಗಳನ್ನು, ರಿವೆಟ್ ತಲೆ ಕೂರುವಂತೆ ತಗ್ಗು ಮಾಡುವಾಗ, ಅಂಚಿನಲ್ಲಿ ಬಿರುಕು ಕಾಣಿಸಿದವು. ಆ ಭಾಗಗಳನ್ನು ಬದಲಿಸಿಕೊಡೋ ಹೊರೆಯೂ ಸೇರಿ, 2023ರ ಡಿಸೆಂಬರ್‌ನಲ್ಲಿ ಕಂಪನಿ ಕೋರ್ಟಿನಲ್ಲಿ ದಿವಾಳಿ ರಕ್ಷಣೆ ಕೇಳಬೇಕಾಯ್ತು.

ಹಾಗಾದರೆ ಮನೆಯಲ್ಲಿ ಕಟ್ಟಿದ್ದನ್ನು ನಂಬೋದು ಹೇಗೆ? ಬ್ರಿಟನ್ನಿನಲ್ಲಿ ಕಟ್ಟುವಾಗಲೇ ಹಂತಹಂತವಾಗಿ ಇನ್‌ಸ್ಪೆಕ್ಟರ್ ಬಂದು ನೋಡ್ತಾರೆ. ರೆಕ್ಕೆ ಮುಚ್ಚಿಬಿಟ್ಟ ಮೇಲೆ ಒಳಗಿನ 4 ಮಿ.ಮೀ. ತೂತು ಯಾರಿಗೂ ಕಾಣಲ್ಲ. ನಮ್ಮ ದೇಶದಲ್ಲಿ ಈ ದಾರಿ ಕಷ್ಟದ್ದು. ಮುಂಬೈನ ಕಾಂದಿವಲಿಯಲ್ಲಿ ಪೈಲಟ್ ಅಮೋಲ್ ಯಾದವ್ ತಮ್ಮ ಕಟ್ಟಡದ ತಾರಸಿಯ ಮೇಲೇ ಆರು ಸೀಟಿನ ವಿಮಾನ ಕಟ್ಟಿದರು. ಅವರದ್ದು ಕಿಟ್ ಕೂಡ ಅಲ್ಲ, ಸ್ವಂತ ಡಿಸೈನ್. 2016ರ ಫೆಬ್ರವರಿಯಲ್ಲಿ 'ಮೇಕ್ ಇನ್ ಇಂಡಿಯಾ' ಪ್ರದರ್ಶನದಲ್ಲಿ ಜನ ಅದನ್ನು ನೋಡಿದರು, ಡಿಜಿಸಿಎ ರಿಜಿಸ್ಟ್ರೇಷನ್ ಸಿಕ್ಕಿದ್ದು 2017ರ ನವೆಂಬರ್‌ನಲ್ಲಿ. ರಿಜಿಸ್ಟ್ರೇಷನ್ ಅಂದರೆ ನಂಬರ್ ಪ್ಲೇಟ್ ಅಷ್ಟೇ, ಹಾರೋಕೆ ಬೇರೆ ಅನುಮತಿ ಬೇಕು. ಈ ಪೇಪರ್ ಕೆಲಸವನ್ನು ಬೈಯೋದು ಸುಲಭ, ನಾವೂ ಬೈತಿದ್ವಿ. ಯುಟಿಎಂ ಮುಂದೆ ನಿಂತ ಮೇಲೆ ಸ್ವಲ್ಪ ಕಮ್ಮಿ ಆಗಿದೆ.

ಸದ್ಯಕ್ಕೆ ನಾವು ವಿಮಾನ ಕಟ್ತಿಲ್ಲ. ಒಂದೂವರೆ ಅಡಿ ಉದ್ದದ ರೆಕ್ಕೆಯ ತುಂಡೊಂದು ಅದೇ ಪಾರ್ಕಿಂಗಲ್ಲಿ ಶುರುವಾಗಿದೆ. ಡ್ರಿಲ್ ಮುಟ್ಟೋ ಮುಂಚೆ ಅಂಚಿನಿಂದ 6.4ಕ್ಕೆ ಮಾರ್ಕರ್‌ನಲ್ಲಿ ಗೆರೆ. ಒಬ್ಬರು ಹಾಕಿದ ತೂತನ್ನು ಇನ್ನೊಬ್ಬರು ವರ್ನಿಯರ್‌ನಲ್ಲಿ ಅಳೆದು ನೋಟ್‌ಬುಕ್ಕಲ್ಲಿ ಸೈನ್ ಹಾಕಬೇಕು. ಅಜ್ಜಿ ಭಾನುವಾರ ಬೆಳಗ್ಗೆ ಹತ್ತರ ಮೇಲೆ ಮಾತ್ರ ಹೊಡೀಬೇಕು ಅಂದಿದ್ದಾರೆ. ಬರೋರು ಬನ್ನಿ, ಉಕ್ಕಿನ ತುಂಡು ಹಿಡಿಯೋಕೆ ಜನ ಬೇಕು.