ಸ್ವಯಂಸೇವೆ ಸರಿ, ಟಿಕೆಟ್ ದುಡ್ಡು ಯಾರದು?

2017ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಹವಾಮಾನ ಶೃಂಗಸಭೆಯ ಅಧ್ಯಕ್ಷತೆ ಫಿಜಿಯದು. ಸಭೆ ನಡೆದದ್ದು ಮಾತ್ರ ಜರ್ಮನಿಯ ಬಾನ್‌ನಲ್ಲಿ. ಅದಕ್ಕೆ ಮುಂಚೆ, ನವೆಂಬರ್ 2ರಿಂದ 4ರವರೆಗೆ, ಅದೇ ಊರಿನಲ್ಲಿ ಯುವಜನರ ಸಮ್ಮೇಳನವಿತ್ತು. ಶೃಂಗಸಭೆಯ ಹೊಸ್ತಿಲಲ್ಲಿ ನಡೆಯುವ ಈ ‘ಕಾಯ್’ ಸಮ್ಮೇಳನವನ್ನು ಕಟ್ಟಿ ನಿಲ್ಲಿಸುವವರು ಬಹುಪಾಲು ಸ್ವಯಂಸೇವಕರೇ. ಆ ವರ್ಷ ಈ ಅಂಕಣಕಾರ್ತಿಯೂ ಅವರಲ್ಲೊಬ್ಬಳು. ಅವಳ ಪಾಲಿಗೆ ಬಂದದ್ದು ಆಹ್ವಾನಪತ್ರ, ವೀಸಾ ಮತ್ತು ಪ್ರಯಾಣವೆಚ್ಚದ ಕಡತ. ಭೂಮಿಯ ಭವಿಷ್ಯದ ಚರ್ಚೆ ಪಕ್ಕದ ಕೋಣೆಯಲ್ಲಿ, ಇವಳ ಮೇಜಿನ ಮೇಲೆ ಬರೀ ರಸೀದಿಗಳು.

ಮೊದಲು ಅವಳದೇ ಲೆಕ್ಕ. ಕಡ್ಡಾಯ ಸೇನಾ ಸೇವೆ ನಿಂತ ಮೇಲೆ, ಅದರ ಬದಲಿಗೆ ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ದುಡಿಯುತ್ತಿದ್ದ ಹುಡುಗರೂ ಜರ್ಮನಿಗೆ ಇಲ್ಲವಾದರು. ಆ ಜಾಗ ತುಂಬಲು 2011ರ ಜುಲೈನಲ್ಲಿ ಫೆಡರಲ್ ಸ್ವಯಂಸೇವಾ ಯೋಜನೆ ಶುರುವಾಯಿತು. ‘ವೆಲ್ಟ್‌ವೇರ್ಟ್ಸ್’ ಎಂಬ ಇನ್ನೊಂದು ಸರ್ಕಾರಿ ಕಾರ್ಯಕ್ರಮ 2008ರಿಂದ ಜರ್ಮನ್ ಯುವಜನರನ್ನು ಭಾರತವೂ ಸೇರಿದಂತೆ ಹಲವು ದೇಶಗಳಿಗೆ ಕಳಿಸುತ್ತಿತ್ತು. 2013ರ ಕೊನೆಗೆ ಆ ದೇಶಗಳ ಯುವಜನರನ್ನೂ ಕರೆಸಿಕೊಳ್ಳತೊಡಗಿತು. ಅಂಕಣಕಾರ್ತಿ ಒಳಹೊಕ್ಕದ್ದು ಈ ಬಾಗಿಲಿನಿಂದ. ವಿಮಾನದ ಟಿಕೆಟ್, ಊಟ, ವಸತಿ, ವಿಮೆ ಎಲ್ಲ ಕಾರ್ಯಕ್ರಮದ ಖರ್ಚು. ತಿಂಗಳ ಕೈಖರ್ಚಿಗೆ 2017ರಲ್ಲಿ ಕಾನೂನು ಹಾಕಿದ್ದ ಮೇಲ್ಮಿತಿ 381 ಯೂರೊ, ಆಗಿನ ದರದಲ್ಲಿ 28 ಸಾವಿರ ರೂಪಾಯಿಯ ಆಸುಪಾಸು.

ಈ ಅಂಕಿ ಬಾಯಿಗೆ ಬಂದದ್ದಲ್ಲ. ಪಿಂಚಣಿ ವಿಮೆಯ ವಂತಿಗೆ ಹಾಕಲು ಪರಿಗಣಿಸುವ ಗರಿಷ್ಠ ಸಂಬಳದ ಶೇ 6 ಅದು. 2024ರಲ್ಲಿ ಶೇ 8ಕ್ಕೆ ಏರಿಸಿದ್ದರಿಂದ 2025ರ ಮಿತಿ 644 ಯೂರೊ ಆಯಿತು. ಮಿತಿ ಎಂದರೆ ಅಷ್ಟೂ ಸಿಗುತ್ತದೆ ಎಂದಲ್ಲ, ಕಡಿಮೆ ಕೊಡುವ ಸಂಸ್ಥೆಗಳೂ ಇವೆ. ಆದರೆ ಆರೋಗ್ಯ, ಪಿಂಚಣಿ, ನಿರುದ್ಯೋಗ ವಿಮೆಗಳ ವಂತಿಗೆಯಲ್ಲಿ ಎರಡೂ ಪಾಲು ಸಂಸ್ಥೆಯದೇ. ಕೈಖರ್ಚಿನ ಹಣಕ್ಕೆ ಆದಾಯ ತೆರಿಗೆಯೂ ಇಲ್ಲ.

ಹಾಗೆಂದು ಜೇಬು ಸೋರುವುದೇ ಇಲ್ಲ ಎನ್ನುವಂತಿಲ್ಲ. ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಿದ ಮೇಲೆ ಅಂಚೆಯಲ್ಲಿ ಒಂದು ಬಿಲ್ ಬರುತ್ತದೆ: ಸಾರ್ವಜನಿಕ ರೇಡಿಯೊ, ಟಿ.ವಿ. ಶುಲ್ಕ. ಆಗ ಮನೆಯೊಂದಕ್ಕೆ ತಿಂಗಳಿಗೆ 17.50 ಯೂರೊ, ಈಗ 18.36. ಮನೆಯಲ್ಲಿ ಟಿ.ವಿ. ಇಲ್ಲ ಎಂಬ ಸಬೂಬು ನಡೆಯುವುದಿಲ್ಲ. ಜೊತೆಗಿರುವವರು ಹಂಚಿಕೊಂಡು ಕಟ್ಟಬೇಕು. ತಾವೇ ಕೋಣೆ ಹುಡುಕಿಕೊಂಡ ಗೆಳೆಯರಿಗೆ ಬಾಡಿಗೆ ಅಡ್ವಾನ್ಸ್ ಬೇರೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಅಭ್ಯಾಸವಾದವರಿಗೆ ಅಲ್ಲಿನ ಕಾನೂನು ಕರುಣಾಮಯಿ ಎನಿಸೀತು: ನೀರು, ಹೀಟರ್ ಖರ್ಚು ಬಿಟ್ಟು ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟಬಹುದು.

ಕಡತದ ಇನ್ನೊಂದು ಬದಿಯಲ್ಲಿದ್ದವರು ಪ್ರತಿನಿಧಿಗಳು. ಅವರ ಲೆಕ್ಕವೇ ಬೇರೆ.

ಇಂಥ ಸಮ್ಮೇಳನಗಳಲ್ಲಿ ಪ್ರಯಾಣದ ನೆರವು ಸಾಮಾನ್ಯವಾಗಿ ಆಮೇಲೆ ಬರುವ ಹಣ. ಟಿಕೆಟ್ ಕೊಳ್ಳಿ, ಬನ್ನಿ, ಬೋರ್ಡಿಂಗ್ ಪಾಸ್ ಜೋಪಾನವಾಗಿಟ್ಟು ಕೊಡಿ, ನಂತರ ಬ್ಯಾಂಕಿಗೆ ಹಾಕುತ್ತೇವೆ ಎನ್ನುವ ಕ್ರಮ. ನೆರವಿಗೆ ಹಣ ಕೊಡುವವರಿಗೆ ದಾಖಲೆ ಬೇಕು, ಆಯೋಜಕರಿಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಹಣ ಮರಳುವತನಕ ಅಷ್ಟು ದುಡ್ಡು ಹೊಂದಿಸುವುದು ಧಾರವಾಡದ ಅಥವಾ ನೈರೋಬಿಯ ವಿದ್ಯಾರ್ಥಿಯ ಪಾಡು. ಕಾಗದದ ಮೇಲೆ ‘ಪೂರ್ಣ ನೆರವು’ ಪಡೆದವರು ಕೊನೆಗಳಿಗೆಯಲ್ಲಿ ಬರುವುದಿಲ್ಲ ಎಂದು ಬರೆದ ಪತ್ರಗಳನ್ನು ಅಂಕಣಕಾರ್ತಿ ಓದಿದ್ದಾಳೆ. ಅಪ್ಪ ಸಾಲ ಮಾಡಬೇಕಾಗುತ್ತದೆ ಎಂದು ಒಬ್ಬಳು ನೇರವಾಗಿಯೇ ಬರೆದಿದ್ದಳು. ಸೊಸೈಟಿಯಲ್ಲೋ ಕೈಸಾಲವಾಗಿಯೋ ತಂದ ದುಡ್ಡಿನ ಬಡ್ಡಿಗೆ ಯಾವ ನೆರವಿನ ಅರ್ಜಿಯಲ್ಲೂ ಕಾಲಂ ಇರುವುದಿಲ್ಲ.

ಸಣ್ಣ ಸೋರಿಕೆಗಳೂ ಸೇರುತ್ತವೆ. ಭಾರತದ ಬ್ಯಾಂಕುಗಳ ಅನೇಕ ಕ್ರೆಡಿಟ್ ಕಾರ್ಡ್‌ಗಳು ವಿದೇಶಿ ಹಣದ ವಹಿವಾಟಿಗೆ ಶೇ 3.5 ಹೆಚ್ಚುವರಿ ಹಾಕುತ್ತವೆ, ಆ ಹೆಚ್ಚುವರಿಯ ಮೇಲೆ ಶೇ 18 ಜಿಎಸ್‌ಟಿ. ಎರಡೂ ಸೇರಿ ಶೇ 4.13. ಯೂರೊದಲ್ಲಿ 60 ಸಾವಿರ ರೂಪಾಯಿಯ ಟಿಕೆಟ್ ಕೊಂಡರೆ ಸುಮಾರು 2,480 ರೂಪಾಯಿ ಹೀಗೇ ಹೋಗುತ್ತದೆ. ಆಯೋಜಕರು ಕೊಡುವುದು ಟಿಕೆಟ್ ಮೇಲಿನ ಮೊತ್ತವನ್ನು. ಹಣ ಹೊರದೇಶದಿಂದ ಬಂದಾಗ ನಡುವಿನ ಬ್ಯಾಂಕುಗಳೂ ಶುಲ್ಕ ಮುರಿದುಕೊಳ್ಳಬಹುದು. ಅದೇ ಟಿಕೆಟನ್ನು ಭಾರತದ ತಾಣದಲ್ಲಿ ರೂಪಾಯಿಯಲ್ಲಿ ಕೊಂಡರೆ ಮೊದಲ ಸೋರಿಕೆಯಾದರೂ ತಪ್ಪುತ್ತದೆ.

ಆಯ್ಕೆಯಾದೆ ಎಂದು ಹಿಗ್ಗುವ ಮುಂಚೆ ಆಯೋಜಕರನ್ನು ಕೇಳಬೇಕಾದದ್ದು ಇಷ್ಟೇ: ಟಿಕೆಟ್ ಕೊಳ್ಳುವವರು ನೀವೋ ನಾನೋ? ನಾನಾದರೆ ಹಣ ಯಾವ ದಿನಾಂಕದೊಳಗೆ, ಯಾವ ವಿನಿಮಯ ದರದಲ್ಲಿ ಬರುತ್ತದೆ? ವೀಸಾ ಸಿಗದಿದ್ದರೆ ಟಿಕೆಟಿನ ನಷ್ಟ ಯಾರದು? ಸ್ವಯಂಸೇವೆಗೆ ಸೇರಲು ಶುಲ್ಕ ಕೇಳಿದರೆ, ಅದು ಯಾವುದಕ್ಕೆ ಹೋಗುತ್ತದೆ? 1996ರಿಂದ ಬಾನ್‌ನಲ್ಲೇ ಕೇಂದ್ರ ಕಚೇರಿ ಇರುವ ವಿಶ್ವಸಂಸ್ಥೆ ಸ್ವಯಂಸೇವಕರ ಸಂಸ್ಥೆ ಅರ್ಜಿಗೆ ಹಣ ತೆಗೆದುಕೊಳ್ಳುವುದಿಲ್ಲ, ಆಯ್ಕೆಯಾಗಿ ಸ್ಥಳಕ್ಕೆ ಹೋದವರಿಗೆ ಜೀವನಭತ್ಯೆ ಕೊಡುತ್ತದೆ. ಉಳಿದವರ ಶುಲ್ಕವನ್ನು ಈ ಅಳತೆಯಿಂದ ನೋಡಬಹುದು.

ಆಯೋಜಕರಿಗೆ ಕಾಸಿನ ಖರ್ಚೂ ಇಲ್ಲದ ಒಂದು ನೆರವಿದೆ. ಷೆಂಗೆನ್ ವೀಸಾ ಶುಲ್ಕ 2017ರಲ್ಲಿ 60 ಯೂರೊ ಇತ್ತು, 2024ರ ಜೂನ್‌ನಿಂದ 90. ಲಾಭರಹಿತ ಸಂಸ್ಥೆ ನಡೆಸುವ ಸಮ್ಮೇಳನಕ್ಕೆ ಇನ್ನೊಂದು ಲಾಭರಹಿತ ಸಂಸ್ಥೆಯ ಪ್ರತಿನಿಧಿಯಾಗಿ ಹೋಗುವವರಿಗೆ 25 ವರ್ಷದವರೆಗೆ ಈ ಶುಲ್ಕ ಇಲ್ಲ ಎಂದು ಯುರೋಪಿನ ವೀಸಾ ಸಂಹಿತೆಯ 16ನೇ ವಿಧಿಯಲ್ಲೇ ಇದೆ. ಕೌಂಟರಿನಲ್ಲಿ ಇದನ್ನು ಯಾರೂ ತಾವಾಗಿ ನೆನಪಿಸುವುದಿಲ್ಲ. ಹಾಗಾಗಿ ಆಹ್ವಾನಪತ್ರದಲ್ಲೇ ಆಯೋಜಕರು ಲಾಭರಹಿತ ಸಂಸ್ಥೆ ಎಂಬುದು, ಪ್ರತಿನಿಧಿಯ ಸಂಸ್ಥೆಯ ಹೆಸರು, ಹುಟ್ಟಿದ ದಿನಾಂಕ, ವಿಧಿಯ ಸಂಖ್ಯೆ ನಾಲ್ಕೂ ಇರಬೇಕು. ಅರ್ಜಿ ಕೇಂದ್ರದ ಸೇವಾ ಶುಲ್ಕವನ್ನೂ, ಕನಿಷ್ಠ 30 ಸಾವಿರ ಯೂರೊ ರಕ್ಷಣೆಯ ಪ್ರಯಾಣ ವಿಮೆಯ ಕಂತನ್ನೂ ಆಗಲೂ ಕಟ್ಟಬೇಕು. 26 ತುಂಬಿದವರು ಎಲ್ಲವನ್ನೂ ಕಟ್ಟಬೇಕು.