ತಂಬೂರಿಯ ನಾದಕ್ಕೆ ಒಂದು ನೂಲಿನೆಳೆ

ಗಂಗಾವತಿ ಸೀಮೆಯ ಶ್ರೀರಾಮನಗರದ ಮನೆಯೊಂದರಲ್ಲಿ, ಬಹುಕಾಲ ಗವಸಿನೊಳಗೇ ಇದ್ದ ಹಳೆಯ ತಂಬೂರಿಯೊಂದನ್ನು ನಾವು ಈಚೆಗೆ ನೋಡಿದೆವು. ತಂತಿಗಳು ಹೊಸವು, ಶ್ರುತಿಯೂ ಸರಿಯಾಗಿತ್ತು. ಆದರೂ ಮೀಟಿದೊಡನೆ ‘ಟಣ್’ ಎಂದು ನುಡಿದು ನಾದವು ಅಡಗಿಹೋಗುತ್ತಿತ್ತು. ಮನೆಯ ಹಿರಿಯರಿಗೆ ಬೇಕಾಗಿದ್ದುದು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಮೊದಲಾದ ಕಿರಾಣಾ ಘರಾಣೆಯ ಗಾಯಕರ ಹಿಂದೆ ತುಂಬಿ ನಿಲ್ಲುವ ನಾದ. ಕುದುರೆಯನ್ನು ಅರದಿಂದ ಉಜ್ಜಿಸಿಬಿಡೋಣವೇ ಎಂದು ಅವರು ಕೇಳಿದರು. ಉಜ್ಜಿ ಕಳೆದುದನ್ನು ಮರಳಿ ಕೂಡಿಸಲಾಗದು, ಆದುದರಿಂದ ತಡೆಯಿರೆಂದೆವು.

ತಂಬೂರಿಯ ಕುದುರೆ ಪಿಟೀಲಿನದರಂತೆ ಚೂಪಾದುದಲ್ಲ. ಅದು ಅಗಲವಾಗಿ, ಕಣ್ಣಿಗೆ ಕಾಣದಷ್ಟು ಕಮಾನಾಗಿ ಬಾಗಿರುತ್ತದೆ. ಖರ್ಜದ ತಂತಿಯು ಸೆಕೆಂಡಿಗೆ 70 ಸಲ ಕಂಪಿಸುವುದೆನ್ನೋಣ. ಅದೇ ಕಾಲದಲ್ಲಿ ಅದು ಎರಡು ತುಂಡಾದಂತೆ 140 ಸಲ, ಮೂರಾದಂತೆ 210 ಸಲ, ಹೀಗೆ ಕಂಪಿಸಿ ಉಪಸ್ವರಗಳನ್ನು ಹೊರಡಿಸುತ್ತದೆ. ತಂತಿಯನ್ನು ನಟ್ಟನಡುವೆ ಮೀಟಿದರೆ, ನಡುವಿನ ಬಿಂದು ಅಲುಗಬಾರದಂತಹ 140, 280ರ ಉಪಸ್ವರಗಳು ಹುಟ್ಟಲಾರವೆಂಬುದು 1800ರಲ್ಲಿ ಥಾಮಸ್ ಯಂಗ್ ಕಂಡ ನಿಯಮ. ಆದರೆ ನಮ್ಮ ತಂಬೂರಿ, ವೀಣೆಗಳಲ್ಲಿ ಅವೂ ಗಟ್ಟಿಯಾಗಿಯೇ ಕೇಳುತ್ತವೆ! ಆಗ ಕಲ್ಕತ್ತೆಯಲ್ಲಿದ್ದ ಸಿ. ವಿ. ರಾಮನ್ನರು 1921ರ ಲೇಖನವೊಂದರಲ್ಲಿ ಇದನ್ನು ತೋರಿಸಿಕೊಟ್ಟರು. ತಂತಿಯು ಕಂಪಿಸುವಾಗ ಕುದುರೆಯ ಬಾಗನ್ನು ಮತ್ತೆ ಮತ್ತೆ ಸವರುತ್ತದೆ. ಒಂದೊಂದು ಸವರಿಕೆಯೂ ಮೇಲಿನ ಉಪಸ್ವರಗಳಿಗೆ ಹೊಸ ಬಲವನ್ನು ಊಡುತ್ತದೆ.

ತಂತಿ ಮತ್ತು ಕುದುರೆಗಳ ನಡುವೆ ತೂರಿಸುವ ನೂಲಿನ ಕೆಲಸವೇ ಈ ಸವರಿಕೆಯನ್ನು ಹದಗೊಳಿಸುವುದು. ಆ ತಂಬೂರಿಯಲ್ಲಿ ದಪ್ಪ ಹೊಲಿಗೆದಾರವನ್ನು ಮಡಿಸಿ ತುರುಕಿದ್ದರು. ತಂತಿ ಕುದುರೆಯನ್ನು ಮುಟ್ಟುತ್ತಲೇ ಇರಲಿಲ್ಲ. ಅದನ್ನು ತೆಗೆದೆವು. ನೂಲಿಲ್ಲದೆಯೇ ಮೊದಲು ಜೋಡಿ ಷಡ್ಜ, ಬಳಿಕ ಖರ್ಜ, ಕೊನೆಗೆ ಪಂಚಮ ಎಂದು ಬಿರಟೆ ತಿರುಹಿ ಕೂಡಿಸಿದೆವು. ಹತ್ತಿಯ ಒಂಟಿ ಎಳೆಯೊಂದನ್ನು ಖರ್ಜದ ತಂತಿಯ ಕೆಳಗಿಟ್ಟು, ಒಂದು ಕೈಯಿಂದ ಮೀಟುತ್ತ ಮತ್ತೊಂದರಿಂದ ಮೆಲ್ಲಮೆಲ್ಲನೆ ಸರಿಸಿದೆವು. ಮಂಕು ದನಿ, ಮುಂದೆ ಕರಕರ ಸದ್ದು; ಇವೆರಡರ ನಡುವೆ ಕೂದಲೆಳೆಯಷ್ಟು ಜಾಗದಲ್ಲಿ ತಂತಿ ಥಟ್ಟನೆ ಬಾಯಿ ಬಿಟ್ಟಿತು. ಎಳೆ ಸೇರಿದಾಗ ಶ್ರುತಿ ತುಸು ಏರುವುದುಂಟು. ಅದನ್ನು ಮಣಿಯಿಂದ ತಿದ್ದಬೇಕು, ಬಿರಟೆಯಿಂದಲ್ಲ.

ಆಗ ಯಾವ ತಂತಿಗೂ ಕಟ್ಟದ ಗಾಂಧಾರವೊಂದು ತಾನಾಗಿ ಕೇಳಿಸಿತು. ಅದು ಖರ್ಜದ ಐದನೆಯ ಉಪಸ್ವರ. 70ರ ಐದರಷ್ಟು, ಎಂದರೆ 350. ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ.

ಪಂಚಮದ ತಂತಿ ಮಾತ್ರ ಒಲಿಯಲಿಲ್ಲ. ಅದರಡಿ ಕುದುರೆಯಲ್ಲಿ ತಂತಿಯೇ ಕೊರೆದ ಗೀರಿತ್ತು. ಅದನ್ನು ತಿದ್ದುವುದು ಮೀರಜಿನ ಕುಶಲಿಗಳ ಕೆಲಸವೇ ಹೊರತು ನಮ್ಮದಲ್ಲ. ಮರುದಿನ ಮಧ್ಯಾಹ್ನದ ಬಿಸಿಲಿಗೆ ತಂತಿಗಳು ಸಡಿಲಿ ಶ್ರುತಿ ಇಳಿಯಿತು. ಹಿರಿಯರು ನಮ್ಮನ್ನು ಕರೆಯದೆ ತಾವೇ ಕುಳಿತು ಎಳೆಯನ್ನು ಸರಿಸತೊಡಗಿದರು.